ಬಿಲದೊಳಗಿನ ಹಗಲು

ರಾತ್ರಿ ಒಂಬತ್ತಾಯಿತು. ಮದ್ದೂರಿನ ಚೆಕ್‌ಪೋಸ್ಟಿನಲ್ಲಿ ಗೇಟು ಬಿತ್ತು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡಿಗೆ ಕಾಲಿಡುವುದು ಇಲ್ಲಿಯೇ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಕಾಡಿನ ರಸ್ತೆಯಲ್ಲಿ ವಾಹನ ಓಡಬಾರದು ಎಂದು 2009ರಲ್ಲಿ ಚಾಮರಾಜನಗರದ ಜಿಲ್ಲಾಡಳಿತ ಆದೇಶ ಹೊರಡಿಸಿತ್ತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಈ ಗೇಟು ಇರುಳಿನ ಜೀವಿಗಳ ಹೊತ್ತನ್ನು ಕಾಯುತ್ತ ಬಂದಿತ್ತು.

ಗೇಟು ಬೀಳುವ ಹೊತ್ತಿಗೆ ಮರದ ಪೊಟರೆಯಲ್ಲಿ ಅಳಿಲು ಮಲಗಿಯಾಗಿತ್ತು, ಮುಳ್ಳುಹಂದಿ ಎದ್ದಾಗಿತ್ತು. ಈಚೆ ಬದಿಯ ರಾಗಿ ಹೊಲದ ಬದುವಿನಲ್ಲಿ ಹತ್ತು ಗ್ರಾಂ ತೂಗುವ ಚಿಟ್ಟಿಲಿಯೊಂದು ಬಿಲದ ಬಾಯಿಗೆ ಬಂದು, ಮೂಗು ಅಲುಗಿಸಿ, ಗಾಳಿ ಮೂಸಿ ಹೊರಬಿತ್ತು. ಅದರ ಹಿಂದೆ ಬಿಲದ ತಳದಲ್ಲಿ ಇನ್ನೂ ಕಣ್ಣು ಬಿಡದ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಗೇಟಿನವನ ಕೈಯಲ್ಲಿ ಗಡಿಯಾರವಿತ್ತು. ತಾಯಿ ಇಲಿಗೆ ಸಂಜೆಯ ಬೆಳಕು ಇಳಿದದ್ದು ಕಂಡಿತ್ತು. ಸೂರ್ಯನನ್ನೇ ಕಾಣದ ಆ ಮರಿಗಳಿಗೆ ಇದು ಇರುಳು ಎಂದು ಹೇಳುವವರು ಯಾರು?

ಈ ಪ್ರಶ್ನೆ ಕೇಳುವುದಕ್ಕೂ ಜನ ಬಹಳ ಕಾಲ ತೆಗೆದುಕೊಂಡರು. ಉತ್ತರ ಸಿಗುವಷ್ಟರಲ್ಲಿ ಈ ಇಲಿಗೆ ವಿಜ್ಞಾನ ಹೆಸರಿಟ್ಟು ಸುಮಾರು ನೂರೈವತ್ತು ವರ್ಷ ಕಳೆದಿತ್ತು. ಆ ಹೆಸರಿನ ಕತೆ ಶುರುವಾದದ್ದು ಕನ್ನಡ ನೆಲದಲ್ಲಿ, ಅದೂ ಒಂದು ಸೆರೆಮನೆಯ ಅಂಚಿನಲ್ಲಿ.

1824ರ ಅಕ್ಟೋಬರಿನಲ್ಲಿ ಕಿತ್ತೂರು ಕೋಟೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಸತ್ತುಬಿದ್ದ. ಅವನ ಕೈಕೆಳಗಿನ ಇಬ್ಬರು ಅಧಿಕಾರಿಗಳಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ರಾಣಿ ಚೆನ್ನಮ್ಮನ ಸೆರೆ ಸೇರಿದರು. ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಕಂಪನಿಯ ಸೈನ್ಯ ಕಿತ್ತೂರನ್ನು ಮುತ್ತುತ್ತಿರುವಾಗ ಒತ್ತೆಯಾಳುಗಳ ತಲೆ ಯಾವ ಗಳಿಗೆಯಲ್ಲಾದರೂ ಉರುಳಬಹುದಿತ್ತು. ಉರುಳಲಿಲ್ಲ. ಅವರು ಜೀವಸಹಿತ ಹೊರಬಂದರು.

ಉಳಿದ ಜೀವವನ್ನು ಎಲಿಯಟ್ ವಿಚಿತ್ರವಾದ ಹಸಿವಿನಿಂದ ಬಳಸಿದ. ಧಾರವಾಡದಲ್ಲಿ 1833ರವರೆಗೂ ಇದ್ದು ಕನ್ನಡ ಕಲಿತ, ಹಳ್ಳಿಹಳ್ಳಿಯ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದ. ಅದರ ನಡುವೆ ಇಲಿ, ಹೆಗ್ಗಣ, ಅಳಿಲುಗಳನ್ನೂ ಕೂಡಿಹಾಕಿದ. ಅವನಿಗೆ ಇಲಿಗಳ ಬಗ್ಗೆ ಪಾಠ ಹೇಳಿದವರು ಕೆರೆ ತೋಡುವ ವಡ್ಡರು. ಯಾವ ಮಣ್ಣಿನಲ್ಲಿ ಯಾವ ಇಲಿ ಬಿಲ ತೋಡುತ್ತದೆ, ಯಾವುದು ಎಷ್ಟು ಕಾಳು ಕೂಡಿಡುತ್ತದೆ ಎಂಬುದು ಅವರ ಅನ್ನದ ಲೆಕ್ಕವಾಗಿತ್ತು. ಬಿಲ ಅಗೆದು, ಇಲಿ ಬಚ್ಚಿಟ್ಟ ಕಾಳನ್ನು ತೆಗೆದು, ಅದರಲ್ಲೇ ಎಷ್ಟೋ ದಿನ ಹೊಟ್ಟೆ ಹೊರೆಯುತ್ತಿದ್ದರೆಂದು ಎಲಿಯಟ್ ಬರೆದಿಟ್ಟ. ಕೆಂಪು ಗರಸು ಮಣ್ಣಿನಲ್ಲಿ ಮನೆ ಮಾಡುವ ಪುಟ್ಟ ಇಲಿಯೊಂದು ಸಣ್ಣ ಹರಳುಗಳನ್ನು ಆಯ್ದು ತಂದು ಬಿಲದ ಬಾಯಿ ಮುಚ್ಚಿಕೊಳ್ಳುವುದನ್ನು ಅವನು ನೋಡಿದ್ದ. ಒಳಗಿನ ಕೋಣೆಯಲ್ಲೂ ಹರಳಿನ ಹಾಸಿಗೆ ಮಾಡಿ ಅದು ಅದರ ಮೇಲೆಯೇ ಕೂರುತ್ತಿತ್ತು.

ಧಾರವಾಡ ಸೀಮೆಯ ಈ ಪ್ರಾಣಿಗಳಿಗೆ 1837ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಲ್ಯಾಟಿನ್ ಪಟ್ಟಿಯ ಹೆಸರು ಕೊಟ್ಟ. ಹಾಗೆ ಕೊಡುವಾಗ ಊರಿನವರ ಬಾಯಿಯ ಮಾತನ್ನೇ ಎತ್ತಿಕೊಂಡ. ಗೊಲುಂಡ, ಕೋಕ್, ಲೆಗ್ಗಡ. ಹೊಲದ ಚಿಟ್ಟಿಲಿಗೆ ಸಿಕ್ಕ ಹೆಸರು ಬೂದುಗ. ಇಂದು ಅದು ಜಗತ್ತಿಗೆಲ್ಲ ಮಸ್ ಬೂದುಗ. ಕನ್ನಡದ ಕಿವಿಗೆ ಆ ಹೆಸರಿನಲ್ಲಿ ಬೂದಿಯ ಬಣ್ಣ ಕಾಣಿಸದೆ ಇರದು. 1839ರಲ್ಲಿ ಎಲಿಯಟ್‌ನ ಸ್ವಂತ ಪಟ್ಟಿ ಮದ್ರಾಸಿನ ಪತ್ರಿಕೆಯಲ್ಲಿ ಅಚ್ಚಾಯಿತು.

ಇಲಿಯ ಮನೆ, ಊಟ, ಮೈಬಣ್ಣ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಇಲಿ ಎಷ್ಟು ಹೊತ್ತಿಗೆ ಏಳುತ್ತದೆ, ಯಾಕೆ ಆಗಲೇ ಏಳುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕತ್ತಲಾಗುತ್ತದೆ, ಏಳುತ್ತದೆ, ಅದರಲ್ಲಿ ಕೇಳುವುದೇನು? ಎಲ್ಲರಿಗೂ ಗೊತ್ತಿದ್ದ ಈ ಉತ್ತರವೇ ದಾರಿಗೆ ಅಡ್ಡ ಬಿದ್ದ ಬಂಡೆಯಾಗಿತ್ತು.

ಆ ಬಂಡೆಯನ್ನು ಮೊದಲು ಅಲುಗಾಡಿಸಿದ್ದು ಒಂದು ಗಿಡ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ದ ಮೆರಾನ್ ಮುಟ್ಟಿದರೆ ಮುನಿಯಂಥ ಗಿಡವನ್ನು ಬೆಳಕು ಬೀಳದ ಕಡೆ ಮುಚ್ಚಿಟ್ಟಿದ್ದ. ಹೊರಗೆ ಬೆಳಗಾದಾಗ ಕತ್ತಲೊಳಗಿನ ಎಲೆಗಳೂ ಬಿಚ್ಚಿಕೊಂಡವು. ಸಂಜೆಯಾದಾಗ ಮುಚ್ಚಿಕೊಂಡವು. ನಕ್ಷತ್ರ ನೋಡುವವನಿಗೆ ಇದು ಬರೆಯುವಷ್ಟು ದೊಡ್ಡ ಸಂಗತಿ ಅನ್ನಿಸಲಿಲ್ಲ. ಗೆಳೆಯನೊಬ್ಬ ವಿಜ್ಞಾನ ಅಕಾಡೆಮಿಗೆ ತಿಳಿಸದೆ ಹೋಗಿದ್ದರೆ ಆ ಗಿಡದ ಸುದ್ದಿ ಅಲ್ಲಿಗೇ ಮುಗಿಯುತ್ತಿತ್ತು.

ಕಾಡಿನ ಮೂಷಕಗಳ ಸರದಿ ಬರಲು ಇನ್ನೂ ಇನ್ನೂರು ವರ್ಷ ಬೇಕಾಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪೆಟ್ರೀಷಿಯಾ ಡಿಕೂರ್ಸಿ ಎಂಬ ಯುವ ಸಂಶೋಧಕಿ ಹಾರುವ ಅಳಿಲುಗಳನ್ನು ಸಾಕಿದರು. ಮಲೆನಾಡಿನವರು ಹಾರುಬೆಕ್ಕು ಎನ್ನುವ ಪ್ರಾಣಿಯ ಪುಟ್ಟ ಸೋದರಿ ಅದು. ಪ್ರತಿ ಗೂಡಿಗೂ ಒಂದು ತಿರುಗುವ ಚಕ್ರ. ಅಳಿಲು ಎದ್ದು ಓಡಿದಾಗ ಚಕ್ರ ತಿರುಗಿ, ಸುರುಳಿ ಕಾಗದದ ಮೇಲೆ ಲೇಖನಿ ಗೀಟು ಎಳೆಯುತ್ತಿತ್ತು. ಕೋಣೆಯಲ್ಲಿ ಹಗಲಿರುಳೂ ಗವ್ವೆನ್ನುವ ಕತ್ತಲು. ಆದರೂ ಅಳಿಲುಗಳು ದಿನಕ್ಕೊಮ್ಮೆ ತಪ್ಪದೆ ಏಳುತ್ತಿದ್ದವು. ಒಂದೊಂದರ ದಿನದ ಉದ್ದ ಒಂದೊಂದು ಥರ. ಒಂದು ಅಳಿಲು ದಿನದಿನಕ್ಕೂ ತುಸು ಬೇಗ ಏಳುತ್ತ ಹೋದರೆ ಪಕ್ಕದ್ದು ತುಸು ತಡವಾಗಿ ಏಳುತ್ತಿತ್ತು. ಹೊರಗಿನಿಂದ ಯಾವುದೋ ಗುಟ್ಟಿನ ಸೂಚನೆ ಬರುತ್ತಿದ್ದರೆ ಎಲ್ಲವೂ ಒಟ್ಟಿಗೆ ಏಳಬೇಕಿತ್ತು. ಗಡಿಯಾರ ಒಳಗೇ ಇತ್ತು.

ಹಾಗಾದರೆ ಆ ಗಡಿಯಾರದ ಮುಳ್ಳನ್ನು ತಿರುಗಿಸುವುದು ಹೇಗೆ? ಡಿಕೂರ್ಸಿ ಹಲವು ದಿನ ಕತ್ತಲಲ್ಲಿಟ್ಟ ಅಳಿಲಿಗೆ ಹತ್ತೇ ನಿಮಿಷ ದೀಪ ತೋರಿಸಿ ಆರಿಸಿದರು. ಅಳಿಲಿನ ಪಾಲಿಗೆ ಹಗಲಾಗಿದ್ದ ಹೊತ್ತಿನಲ್ಲಿ ತೋರಿಸಿದಾಗ ಏನೂ ಆಗಲಿಲ್ಲ. ಅದರ ಇರುಳಿನ ಆರಂಭದಲ್ಲಿ ತೋರಿಸಿದಾಗ ಮಾರನೆಯ ದಿನ ತಡವಾಗಿ ಎದ್ದಿತು. ಇರುಳಿನ ಕೊನೆಯಲ್ಲಿ ತೋರಿಸಿದಾಗ ಬೇಗ ಎದ್ದಿತು. ಒಂದೇ ದೀಪ, ಒಂದೇ ಹತ್ತು ನಿಮಿಷ, ಫಲ ಮೂರು ಬಗೆ. 1960ರಲ್ಲಿ ಇದು ಪ್ರಕಟವಾದಾಗ ಬೆಳಕೇ ಪ್ರಾಣಿಲೋಕದ ಗಡಿಯಾರಕ್ಕೆ ಕೀಲಿ ಕೊಡುವ ಕೈ ಎಂಬ ಮಾತು ಗಟ್ಟಿಯಾಯಿತು. ಬಿಲದ ತಳದ ಕುರುಡು ಮರಿಗಳ ಪ್ರಶ್ನೆ ಮಾತ್ರ ಇನ್ನಷ್ಟು ಕಗ್ಗಂಟಾಯಿತು. ಬೆಳಕೇ ತಲುಪದ ಕಡೆ ಕೀಲಿ ಕೊಡುವವರು ಯಾರು?

ಅದೇ ವರ್ಷಗಳಲ್ಲಿ ಮದ್ರಾಸಿನ ಕಡಲತಡಿಯಲ್ಲಿ ಎಂ. ಕೆ. ಚಂದ್ರಶೇಖರನ್ ಎಂಬ ತರುಣ ಮರಳಲ್ಲಿ ಹುದುಗಿ ಬಾಳುವ ಪುಟ್ಟ ಏಡಿಗಳ ಬೆನ್ನು ಹತ್ತಿದ್ದರು. ಅಲೆಗಳಿಂದ ದೂರ ತಂದಿಟ್ಟರೂ ಆ ಏಡಿಗಳು ಕಡಲಿನ ಉಬ್ಬರ ಇಳಿತದ ಲೆಕ್ಕ ಬಿಟ್ಟಿರಲಿಲ್ಲ. ಏಡಿ ಹಿಡಿದುಕೊಟ್ಟ ಪ್ರಶ್ನೆ ಅವರನ್ನು ಜರ್ಮನಿಯ ಟ್ಯೂಬಿಂಗನ್‌ಗೆ ಕರೆದೊಯ್ದಿತು. ಅಲ್ಲಿ ಎರ್ವಿನ್ ಬ್ಯೂನಿಂಗ್ ಇದ್ದರು. ದಿನದ ಉದ್ದ ಬೇರೆ ಬೇರೆಯಾಗಿದ್ದ ಹುರುಳಿಕಾಯಿ ಜಾತಿಯ ಗಿಡಗಳನ್ನು ಕೂಡಿಸಿ, ಒಳಗಡಿಯಾರ ಹೆತ್ತವರಿಂದ ಬರುವ ಆಸ್ತಿ ಎಂದು 1930ರ ದಶಕದಲ್ಲೇ ತೋರಿಸಿದ್ದ ಹಿರಿಯರು. ಚಂದ್ರಶೇಖರನ್ ಅಲ್ಲಿ ಹಣ್ಣುನೊಣಗಳು ಕೋಶ ಒಡೆದು ಹೊರಬರುವ ಹೊತ್ತನ್ನು ವರ್ಷಗಟ್ಟಲೆ ಲೆಕ್ಕ ಹಾಕಿದರು. ನಂತರ ಕೆಲಕಾಲ ಬರ್ಕ್ಲಿಯಲ್ಲೂ ದುಡಿದರು. ಹೊರದೇಶದಲ್ಲೇ ನೆಲೆಸಬಹುದಾಗಿದ್ದವರು 1975ರಲ್ಲಿ ಮಧುರೈಯ ವಿಶ್ವವಿದ್ಯಾಲಯಕ್ಕೆ ಬಂದರು.

ಮಧುರೈಯಲ್ಲಿ ಟ್ಯೂಬಿಂಗನ್‌ನ ಯಂತ್ರಗಳಿರಲಿಲ್ಲ. ಊರಾಚೆ ಬಂಡೆಗುಡ್ಡಗಳಿದ್ದವು, ಗುಡ್ಡಗಳಲ್ಲಿ ಗುಹೆಗಳಿದ್ದವು, ಗುಹೆಗಳಲ್ಲಿ ಬಾವಲಿಗಳಿದ್ದವು. ಕ್ಯಾಂಪಸ್ಸಿನ ಸುತ್ತ ಹೊಲಗಳಿದ್ದವು, ಹೊಲದ ಬದುಗಳಲ್ಲಿ ಬೂದುಗ ಇಲಿಗಳಿದ್ದವು. ಇದ್ದುದನ್ನೇ ಪ್ರಯೋಗಾಲಯ ಮಾಡಿಕೊಂಡದ್ದು ಈ ಕತೆಯ ದೊಡ್ಡ ತಿರುವು. ಕೋಟಿ ಬೆಲೆಯ ಕತ್ತಲಕೋಣೆ ಕಟ್ಟಿಸುವ ಬದಲು ಅವರು ಗುಹೆ ಹೊಕ್ಕರು.

ಗುಹೆಯ ಒಳಮೂಲೆಗೆ ಬೆಳಕು ಎಂದೂ ಬಂದಿರಲಿಲ್ಲ. ಆದರೂ ಅಲ್ಲಿನ ಬಾವಲಿಗಳು ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಹಾರುತ್ತಿದ್ದವು. ಚಂದ್ರಶೇಖರನ್ ಮತ್ತು ಅವರ ಜೊತೆಗಾರ ಜಿ. ಮಾರಿಮುತ್ತು ಒಂದು ಬಾವಲಿಯನ್ನು ಪಂಜರದಲ್ಲಿಟ್ಟು ಅದೇ ಕತ್ತಲಲ್ಲಿ ಬಿಟ್ಟರು. ಅದು ಹೊರಗೆ ಹೋಗುವಂತಿಲ್ಲ, ಸೂರ್ಯನನ್ನು ಕಾಣುವಂತಿಲ್ಲ. ಆದರೂ ಅದು ನೆರೆಯವರ ಜೊತೆಗೇ ಎದ್ದಿತು, ಅವರ ಜೊತೆಗೇ ಮಲಗಿತು. ಬಾವಲಿಗಳೇ ಇಲ್ಲದ ಗುಹೆಯಲ್ಲಿ ಒಂಟಿಯಾಗಿಟ್ಟಾಗ ಅದರ ಹೊತ್ತು ದಿನದಿನಕ್ಕೂ ಜಾರತೊಡಗಿತು. ಗುಂಪಿನ ಹೋಗಿ ಬರುವ ಸದ್ದುಗದ್ದಲವೇ ಪಂಜರದ ಜೀವಕ್ಕೆ ಸೂರ್ಯನಾಗಿತ್ತು. 1978ರಿಂದ ಈ ಪ್ರಬಂಧಗಳು ಒಂದೊಂದಾಗಿ ಹೊರಬಂದವು. ಬೆಳಕಿಲ್ಲದೆಯೂ ಒಬ್ಬರ ಗಡಿಯಾರವನ್ನು ಇನ್ನೊಬ್ಬರು ತಿರುಗಿಸಬಹುದು ಎಂಬುದಕ್ಕೆ ಸಾಕ್ಷಿ ಸಿಕ್ಕಿತ್ತು.

ಆಗ ಬಿಲದ ಮರಿಗಳು ಮತ್ತೆ ನೆನಪಾದವು.

1983ರಲ್ಲಿ ಎರಡು ಕಡೆಯಿಂದ ಸುದ್ದಿ ಬಂತು. ಅಮೆರಿಕದಲ್ಲಿ ರೆಪರ್ಟ್ ಮತ್ತು ಶ್ವಾರ್ಟ್ಸ್ ಎಂಬವರು ಗರ್ಭದಲ್ಲಿರುವಾಗಲೇ ತಾಯಿ ಇಲಿ ಮರಿಯ ಗಡಿಯಾರವನ್ನು ಹೊಂದಿಸುತ್ತದೆ ಎಂದು ತೋರಿಸಿದ್ದರು. ಜಪಾನಿನಲ್ಲಿ ತಕಹಾಶಿ ಮತ್ತು ದೆಗುಚಿ ದೃಷ್ಟಿಯಿಲ್ಲದ ಎಳೆಮರಿಗಳನ್ನು ಹಗಲಿರುಳು ತಿರುವುಮುರುವಾದ ಸಾಕುತಾಯಿಯ ಮಡಿಲಿಗೆ ಹಾಕಿದಾಗ ಮರಿಗಳು ಸಾಕುತಾಯಿಯ ಲಯಕ್ಕೆ ತಿರುಗಿದ್ದವು. ಆದರೆ ಇವೆಲ್ಲ ಪ್ರಯೋಗಾಲಯದಲ್ಲಿ ಹುಟ್ಟಿ ಬೆಳೆದ ಬಿಳಿ ಇಲಿಗಳ ಮಾತು. ತಾಯಿಯ ಸುತ್ತ ಬೆಳಕಿನ ಚಕ್ರ ಇದ್ದೇ ಇತ್ತು. ಬೆಳಕಿನ ಚಕ್ರವನ್ನು ಪೂರ್ತಿ ತೆಗೆದುಹಾಕಿ, ಬರೀ ತಾಯಿ ಇರುವುದು ಮತ್ತು ಇಲ್ಲದಿರುವುದು ಇಷ್ಟನ್ನೇ ಉಳಿಸಿದರೆ? ಅಷ್ಟರಿಂದಲೇ ಮರಿ ಹಗಲನ್ನೂ ಇರುಳನ್ನೂ ಕಲಿತೀತೇ?

ಮಧುರೈಯಲ್ಲಿ ಚಂದ್ರಶೇಖರನ್ ಜೊತೆಗಿದ್ದ ಎನ್. ವಿಶ್ವನಾಥನ್ ಈ ಹಟ ಹಿಡಿದರು. ಹೇಳುವುದು ಸುಲಭ, ಮಾಡುವುದು ಎದೆಗಾರಿಕೆಯ ಕೆಲಸ. ಬೂದುಗ ಹೊಲದ ಇಲಿ. ಬಿಳಿ ಇಲಿಯಂತೆ ಮನುಷ್ಯರ ಕೈಗೆ ಪಳಗಿದ್ದಲ್ಲ. ಬಾಣಂತಿ ಇಲಿಯನ್ನು ಕೆಣಕಿದರೆ ಅದು ತನ್ನ ಮರಿಗಳನ್ನೇ ತಿಂದುಬಿಡುವುದೂ ಉಂಟು. ಮರಿಗಳು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡವು. ಬೆಚ್ಚಗಿಡುವ ಮೈ ದೂರವಾದರೆ ನಡುಗುತ್ತವೆ, ಹಾಲು ತಪ್ಪಿದರೆ ಸೊರಗುತ್ತವೆ. ಅಂಥ ತಾಯಿಯನ್ನು ಹನ್ನೆರಡು ಗಂಟೆ ಮರಿಗಳ ಜೊತೆ ಬಿಡಬೇಕು, ಹನ್ನೆರಡು ಗಂಟೆ ಬೇರೆಯಾಗಿಡಬೇಕು. ದಿನವೂ ಹೊತ್ತು ತಪ್ಪದೆ ಹೀಗೆ ಮಾಡಬೇಕು. ಕೋಣೆಯ ಬೆಳಕು, ಶಾಖ ಯಾವುದೂ ಬದಲಾಗಬಾರದು. ಹೊತ್ತು ತಪ್ಪಿದರೆ ಅಷ್ಟೂ ದಿನಗಳ ದುಡಿಮೆ ನೀರುಪಾಲಾಗಬಹುದು.

ಇನ್ನೊಂದು ತೊಡಕೂ ಇತ್ತು. ಎಳೆಮರಿಯ ಗಡಿಯಾರವನ್ನು ಓದುವುದು ಹೇಗೆ? ಅದು ಚಕ್ರ ತುಳಿಯುವಷ್ಟು ಬೆಳೆದಿರುವುದಿಲ್ಲ. ಉತ್ತರಕ್ಕಾಗಿ ಕಾಯಲೇಬೇಕಿತ್ತು. ತಾಯಿಯ ಪಾಠ ಮುಗಿದು, ತಾಯಿ ಪೂರ್ತಿ ದೂರವಾಗಿ, ಮರಿ ಬೆಳೆದು, ಅದರ ಓಡಾಟ ಕಾಗದದ ಮೇಲೆ ಗೀಟಾಗಿ ಮೂಡಬೇಕು. ಆ ಗೀಟುಗಳನ್ನು ಹಿಂದಕ್ಕೆ ಹಿಂದಕ್ಕೆ ಎಳೆದು ತಾಯಿಯಿದ್ದ ದಿನಗಳಿಗೆ ಮುಟ್ಟಿಸಿದಾಗ ಮಾತ್ರ, ಮರಿ ಯಾವ ಹೊತ್ತನ್ನು ಇರುಳೆಂದುಕೊಂಡಿತ್ತು ಎಂದು ತಿಳಿಯುತ್ತಿತ್ತು. ಮರಿಗಳು ಏನನ್ನೂ ಕಲಿಯದೆ ಇದ್ದಿದ್ದರೆ ಗೀಟುಗಳು ಮನಬಂದಂತೆ ಎಲ್ಲೆಲ್ಲೋ ಚೆದುರಿರುತ್ತಿದ್ದವು.

ಸುರುಳಿ ಕಾಗದ ಬಿಚ್ಚಿಕೊಂಡಿತು. ದಿನದ ಕೆಳಗೆ ದಿನ ಅಂಟಿಸಿದ ಪಟ್ಟಿಯಲ್ಲಿ ಗೀಟುಗಳು ಸಾಲುಗಟ್ಟಿ ಇಳಿದಿದ್ದವು. ಅವು ಚೆದುರಿರಲಿಲ್ಲ. ತಾಯಿಯನ್ನು ದೂರ ಮಾಡುತ್ತಿದ್ದ ಹೊತ್ತು ಯಾವುದೋ ಅದೇ ಹೊತ್ತಿಗೆ ಮರಿಗಳ ಓಡಾಟ ಶುರುವಾಗುತ್ತಿತ್ತು. ತಾಯಿ ಇದ್ದ ಹನ್ನೆರಡು ಗಂಟೆ ಅವಕ್ಕೆ ಹಗಲಾಗಿತ್ತು, ಇಲ್ಲದ ಹನ್ನೆರಡು ಗಂಟೆ ಇರುಳಾಗಿತ್ತು. ಹೊರಗಿನ ಸೂರ್ಯ ಎಲ್ಲಿದ್ದರೇನು, ಮರಿಗಳ ಸೂರ್ಯ ತಾಯಿಯೇ ಆಗಿತ್ತು.

ಹೊಲದ ಬಿಲವನ್ನು ನೆನೆದುಕೊಂಡರೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಬೂದುಗ ಇರುಳಿನ ಪ್ರಾಣಿ. ಹಗಲೆಲ್ಲ ಬಿಲದಲ್ಲಿ ಮರಿಗಳ ಮೇಲೆ ಮೈಚೆಲ್ಲಿ ಮಲಗಿರುತ್ತದೆ, ಕತ್ತಲಾದಾಗ ಮೇವಿಗೆ ಹೊರಡುತ್ತದೆ. ಮೈಗೆ ಮೈ ತಾಗಿದ ಬಿಸುಪು ಎಂದರೆ ಹಗಲು. ಬಿಸುಪು ಆರಿದರೆ ಸಂಜೆ. ಕಣ್ಣು ಬಿಡುವ ಮೊದಲೇ ಮರಿ ಹೊರಲೋಕದ ಹೊತ್ತನ್ನು ತಾಯಿಯಿಂದ ಕಲಿತಿರುತ್ತದೆ. ಮೊದಲ ಬಾರಿ ಬಿಲ ಬಿಟ್ಟು ಹೊರಬರುವ ದಿನ ಅದು ಗೂಬೆ, ಹಾವುಗಳ ಲೋಕಕ್ಕೆ ತಪ್ಪು ಹೊತ್ತಿನಲ್ಲಿ ಕಾಲಿಡುವುದಿಲ್ಲ. 1985ರ ಅಕ್ಟೋಬರಿನಲ್ಲಿ ವಿಶ್ವನಾಥನ್ ಮತ್ತು ಚಂದ್ರಶೇಖರನ್ ಅವರ ಪ್ರಬಂಧವನ್ನು ‘ನೇಚರ್’ ಪತ್ರಿಕೆ ಅಚ್ಚುಹಾಕಿತು. ಎಷ್ಟೋ ರಾತ್ರಿಗಳ ಕೆಲಸ ಎರಡು ಪುಟಗಳಲ್ಲಿ ಅಡಗಿತು. ಧಾರವಾಡದ ಹೆಸರು ಹೊತ್ತ ಇಲಿ ಜಗತ್ತಿನ ಕಣ್ಣಿಗೆ ಬಿತ್ತು.

1990ರ ದಶಕದಲ್ಲಿ ಚಂದ್ರಶೇಖರನ್ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಬಂದರು. ಅವರ ಶಿಷ್ಯ ವಿಜಯ್ ಕುಮಾರ್ ಶರ್ಮ ಬೂದುಗದ ಬೆನ್ನು ಬಿಡಲಿಲ್ಲ. ಕತ್ತಲಲ್ಲಿಟ್ಟ ಇಲಿಗೆ ಕಾಲು ಗಂಟೆ ಬೆಳಕು ತೋರಿಸಿ, ಡಿಕೂರ್ಸಿ ಅಳಿಲಿನಲ್ಲಿ ಕಂಡಂಥದೇ ಹಿಂದುಮುಂದಿನ ಜಿಗಿತವನ್ನು ಅಳೆದರು. ಟ್ಯೂಬ್‌ಲೈಟಿನ ಬೆಳಕಿಗೂ ಹಗಲಿನ ನಿಜ ಬೆಳಕಿಗೂ ಇಲಿ ಹೇಗೆ ಸ್ಪಂದಿಸುತ್ತದೆ ಎಂದು ಹೋಲಿಸಿದರು. ಈ ಹೋಲಿಕೆ ಬೇಕೇ ಬೇಕಿತ್ತು. ಪಂಜರದ ಇಲಿ ಹೇಳುವುದನ್ನೆಲ್ಲ ಬಯಲಿನ ಇಲಿ ಒಪ್ಪುತ್ತದೆ ಎನ್ನುವಂತಿಲ್ಲ. ಪ್ರಯೋಗಾಲಯಗಳಲ್ಲಿ ದಶಕಗಟ್ಟಲೆ ಇರುಳಿನ ಪ್ರಾಣಿಯ ಮಾದರಿಯೆಂದೇ ಹೆಸರಾಗಿದ್ದ ಹೊಂಬಣ್ಣದ ಹ್ಯಾಮ್‌ಸ್ಟರ್ ಅನ್ನು ಟರ್ಕಿಯ ಅದರ ತವರು ಹೊಲಗಳಲ್ಲಿ ಹಿಂಬಾಲಿಸಿ ನೋಡಿದಾಗ, ಅಲ್ಲಿನ ಹೆಣ್ಣುಗಳು ಹಾಡಹಗಲಲ್ಲೇ ಓಡಾಡುತ್ತಿದ್ದವು. 2008ರಲ್ಲಿ ಆ ಸುದ್ದಿ ಪ್ರಕಟವಾದಾಗ ಈ ವಿದ್ಯೆಯವರೆಲ್ಲ ಬೆಚ್ಚಿದರು. ಪಂಜರದ ಮಾತನ್ನು ಬಯಲಿನಲ್ಲಿ ಒರೆಗೆ ಹಚ್ಚದೆ ನಂಬಬಾರದು ಎಂಬ ಪಾಠ ದುಬಾರಿಯಾಗಿ ಬಂತು.

ಗಡಿಯಾರ ಇರುವ ಜಾಗ ಅಷ್ಟರಲ್ಲಿ ಸಿಕ್ಕಿಯಾಗಿತ್ತು. 1972ರಲ್ಲಿ ಅಮೆರಿಕದ ಎರಡು ತಂಡಗಳು ಒಂದನ್ನೊಂದು ಅರಿಯದೆ ಒಂದೇ ಜಾಗಕ್ಕೆ ಬೆರಳಿಟ್ಟವು. ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ತುಸು ಮೇಲೆ, ಮಿದುಳಿನ ತಳದಲ್ಲಿ, ಸಾಸಿವೆಗಿಂತ ಚಿಕ್ಕದಾದ ಜೋಡಿ ಗಂಟುಗಳು. ಅವುಗಳ ಕೋಶಗಳಲ್ಲಿ ಕೆಲವು ಜೀನ್‌ಗಳು ಪ್ರೋಟೀನ್ ಮಾಡಿಸುತ್ತವೆ. ಪ್ರೋಟೀನ್ ಸಾಕಷ್ಟು ತುಂಬಿಕೊಂಡಾಗ ಅದೇ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಅದು ಕರಗಿದಾಗ ಮತ್ತೆ ಕೆಲಸ ಶುರು. ಈ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಆ ಹೆಚ್ಚುಕಡಿಮೆಯನ್ನು ದಿನವೂ ತಿದ್ದಿ ಇಪ್ಪತ್ತನಾಲ್ಕು ಗಂಟೆಗೆ ಕೂರಿಸುವುದು ದೊಡ್ಡವರಲ್ಲಿ ಬೆಳಕು, ಕಣ್ಣು ಬಿಡದ ಬೂದುಗ ಮರಿಯಲ್ಲಿ ತಾಯಿ. ಹಣ್ಣುನೊಣದಲ್ಲಿ ಈ ಜೀನ್‌ಗಳ ಸುತ್ತನ್ನು ಬಿಡಿಸಿದ ಹಾಲ್, ರಾಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಸಂದಿತು.

ಈ ಗಡಿಯಾರ ಇಲ್ಲದಿದ್ದರೆ ಕಾಡಿನಲ್ಲಿ ಏನಾಗುತ್ತದೆ ಎಂಬುದನ್ನು ಕೊನೆಗೆ ಕಂಡವರೂ ಡಿಕೂರ್ಸಿಯೇ. ನಲವತ್ತು ವರ್ಷಗಳ ನಂತರವೂ ಅವರು ಮೂಷಕಗಳನ್ನು ಬಿಟ್ಟಿರಲಿಲ್ಲ. ಹಗಲು ಓಡಾಡುವ ಚಿಪ್‌ಮಂಕ್ ಎಂಬ ನೆಲದ ಅಳಿಲುಗಳಲ್ಲಿ ಕೆಲವುಗಳ ಆ ಗಂಟುಗಳನ್ನು ತೆಗೆದು, ಮಿಕ್ಕವುಗಳ ಜೊತೆ ಕಾಡಿಗೆ ಮರಳಿ ಬಿಟ್ಟರು. ಗಡಿಯಾರ ಕಳೆದುಕೊಂಡವು ಇರುಳಿನಲ್ಲೂ ಬಿಲದೊಳಗೆ ಚಡಪಡಿಸುತ್ತಿದ್ದವು. ಮುಂಗುಸಿಯ ಚಾಳಿಯ ಪುಟ್ಟ ಬೇಟೆಗಾರ ವೀಸಲ್‌ಗೆ ಅವುಗಳಲ್ಲೇ ಹೆಚ್ಚು ತುತ್ತಾದವು. 2000ದಲ್ಲಿ ಆ ಲೆಕ್ಕ ಪ್ರಕಟವಾಯಿತು.

ಮದ್ದೂರಿನಲ್ಲಿ ಇರುಳು ಗೇಟು ಬೀಳತೊಡಗಿದ 2009ರಲ್ಲೇ ಚಂದ್ರಶೇಖರನ್ ತೀರಿಕೊಂಡರು. ಮಸ್ ಬೂದುಗ ಈಗಲೂ ದಕ್ಷಿಣದ ಹೊಲಬದುಗಳಲ್ಲಿ ಬಿಲ ತೋಡುತ್ತದೆ. ಬೆಳಗಿನ ಆರು ಗಂಟೆಗೆ ಗೇಟು ಮೇಲೆದ್ದು ಮೊದಲ ಲಾರಿ ಕಾಡಿನೊಳಕ್ಕೆ ಹೊರಳುವಷ್ಟರಲ್ಲಿ ತಾಯಿ ಇಲಿ ಬಿಲ ಸೇರಿ ಮರಿಗಳ ಮೇಲೆ ಮಲಗಿರುತ್ತದೆ. ಮರಿಗಳಿಗೆ ಆಗ ಹಗಲು.